ಟೆಸ್ಟರ್ ಮಿಣುಕಿದರೆ ತಪಾಸಣೆ ಆಯ್ತಾ? ಮನೆಯ ವೈರಿಂಗ್ ಪರೀಕ್ಷೆಯನ್ನು ಗೊತ್ತಿರುವವರಿಂದ ಮಾಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಮ್ಮ ಎರಡು ವಾರದಿಂದ ಹೇಳುತ್ತಲೇ ಇದ್ದರು. "ಬಚ್ಚಲುಮನೆ ನಲ್ಲಿ ಮುಟ್ಟಿದ್ರೆ ಜುಂ ಅನ್ನತ್ತೆ ಕಣೋ." ನಾನು ಬೆಂಗಳೂರಿನಿಂದ ಫೋನಲ್ಲೇ "ಚಪ್ಪಲಿ ಹಾಕ್ಕೊಂಡು ಹೋಗಮ್ಮ" ಅಂದಿದ್ದೆ. ಈಗ ನೆನೆಸಿಕೊಂಡರೆ ಮೈ ಬೆವರುತ್ತದೆ.

ಶಿವಮೊಗ್ಗದ ಮನೆ ಅದು, ಕಟ್ಟಿ ಮೂವತ್ತು ವರ್ಷ ದಾಟಿದೆ. ಮೊದಲು ಬಂದ ಎಲೆಕ್ಟ್ರಿಷಿಯನ್ ನಲ್ಲಿಗೆ ಟೆಸ್ಟರ್ ಇಟ್ಟರು. ಅದು ಮಂದವಾಗಿ ಮಿಣುಕಿತು. "ಇದು ಇಂಡಕ್ಷನ್ ಕರೆಂಟ್, ಏನೂ ಆಗಲ್ಲ" ಅಂತ ಇನ್ನೂರು ರೂಪಾಯಿ ತಗೊಂಡು ಹೋದರು. ಎರಡನೆಯವರು ಅರ್ತಿಂಗ್ ಗುಂಡಿಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿಗೆ, ಎರಡು ಕೊಡ ನೀರು, ಒಂದು ಸೇರು ಉಪ್ಪು ಹಾಕಿಸಿದರು. ಹೊರಗೆ ಪುನರ್ವಸು ಮಳೆ ಹಿಡಿದಿತ್ತು. ಗುಂಡಿಗೆ ನೀರಿನ ಕೊರತೆಯಂತೂ ಇರಲಿಲ್ಲ!

ಮೂರನೆಯವರು ಚೀಲ ಹೊತ್ತು ಬಂದರು. ಟೆಸ್ಟರ್ ಹೊರಗೆ ತೆಗೆಯಲೇ ಇಲ್ಲ. "ಯುಪಿಎಸ್ ಇದ್ಯಾ? ಎಲ್ಲಿದೆ? ಗೀಸರ್ ಯಾವಾಗ ಹಾಕಿಸಿದ್ದು? ನಲ್ಲಿ ಯಾವಾಗಲೂ ಹೊಡೆಯುತ್ತಾ, ಇಲ್ಲ ಗೀಸರ್ ಆನ್ ಇದ್ದಾಗ ಮಾತ್ರಾನಾ?" ಮೂರು ತಾಸು ಕೂತು ಹುಡುಕಿದರು. ಸಿಕ್ಕಿದ್ದು ಇಷ್ಟು. ಗೀಸರ್ ಪ್ಲಗ್ಗಿನ ಒಳಗೆ ಅರ್ತ್ ಪಿನ್ನಿಗೂ ಕರೆಂಟ್ ವಾಪಸ್ ಹೋಗುವ ತಂತಿಯಾದ ನ್ಯೂಟ್ರಲ್ಲಿಗೂ ಯಾರೋ ಎರಡಂಗುಲದ ತುಂಡು ವೈರ್ ಕಟ್ಟಿದ್ದರು. ಆ ಸಾಲಿನ, ಅಂದರೆ ಸರ್ಕ್ಯೂಟಿನ, ನ್ಯೂಟ್ರಲ್ ಜಾಯಿಂಟ್ ಜಂಕ್ಷನ್ ಬಾಕ್ಸಿನಲ್ಲಿ ಸಡಿಲವಾಗಿ ಸುಟ್ಟು ಕರ‍್ರಗಾಗಿತ್ತು. ಅರ್ತಿಂಗ್ ತಂತಿ ಗುಂಡಿಯ ಕ್ಲ್ಯಾಂಪಿನ ಹತ್ತಿರವೇ ತುಕ್ಕು ತಿಂದು ತುಂಡಾಗಿತ್ತು. ನ್ಯೂಟ್ರಲ್ ಸಡಿಲವಾದಾಗ ಗೀಸರ್‌ನ ಮೈಯೇ ಕರೆಂಟಿನ ದಾರಿಯಾಗಿತ್ತು. ಅಮ್ಮನ ಕೈಗೆ ತಾಗುತ್ತಿದ್ದದ್ದು ಅದು. ಆ ಜಾಯಿಂಟ್ ಪೂರ್ತಿ ಬಿಟ್ಟಿದ್ದರೆ 230 ವೋಲ್ಟೂ ನಲ್ಲಿಯಲ್ಲೇ ಇರುತ್ತಿತ್ತು.

ಮೂವರಿಗೂ ಕೆಲಸ ಗೊತ್ತಿತ್ತು. ವೈರ್ ಎಳೆಯುವುದರಲ್ಲಿ ಮೊದಲಿಬ್ಬರ ಕೈ ಚೆನ್ನಾಗಿಯೇ ಇದೆ. ಆದರೆ ವೈರಿಂಗ್ ಮಾಡುವುದು ಬೇರೆ, ವೈರಿಂಗ್ ತಪಾಸಣೆ ಮಾಡುವುದು ಬೇರೆ. ಎರಡನೆಯದಕ್ಕೆ ಉಪಕರಣ ಬೇಕು, ಯಾವ ಸಂಖ್ಯೆ ಬಂದರೆ ಸರಿ ಅನ್ನುವ ನಿಯಮ ಗೊತ್ತಿರಬೇಕು, ಕೊನೆಗೆ ಸಹಿ ಹಾಕುವ ಧೈರ್ಯವೂ ಬೇಕು. ಅಂಥವರನ್ನು ಹುಡುಕುವುದು ಹೇಗೆ, ಅವರು ಬಂದಾಗ ಪಕ್ಕದಲ್ಲಿ ನಿಂತು ಏನು ನೋಡಬೇಕು ಅನ್ನೋದನ್ನು ಒಂದೊಂದೇ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ. ಇದನ್ನು ಓದಿಕೊಂಡು ನೀವೇ ಡಿಬಿ ಬಾಕ್ಸ್, ಅಂದರೆ ಕರೆಂಟನ್ನು ಮನೆಯ ಸಾಲುಗಳಿಗೆ ಹಂಚುವ ಪೆಟ್ಟಿಗೆ, ಬಿಚ್ಚಬೇಡಿ. ಪರೀಕ್ಷೆ ಮಾಡುವವರನ್ನು ಪರೀಕ್ಷೆ ಮಾಡೋದಷ್ಟೇ ನಮ್ಮ ಕೆಲಸ.

ಹಂತ 1: ಪೇಪರ್ ಕೇಳಿ, ಸಂಕೋಚ ಬೇಡ

ನಮ್ಮಲ್ಲಿ ಮನೆಯ ವೈರಿಂಗನ್ನು ಯಾರು ಬೇಕಾದರೂ ಮುಟ್ಟಬಹುದು ಅಂತ ಜನ ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಒಂದು ಗೆರೆ ಎಳೆದಿದ್ದಾರೆ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸುವುದು, ಅಂದರೆ ವೈರಿಂಗಿನ ಸಾಮರ್ಥ್ಯ, ಸ್ವರೂಪ ಬದಲಾಗದಂಥ ಕೆಲಸವನ್ನು ಬಿಟ್ಟು ಉಳಿದದ್ದೆಲ್ಲ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಆಗಬೇಕು. ಸಾಮರ್ಥ್ಯ ಪ್ರಮಾಣಪತ್ರ ಇರುವವರು ನೇರವಾಗಿ ನಿಂತು ನೋಡಿಕೊಳ್ಳಬೇಕು. ಕೈಯಿಟ್ಟು ಮಾಡುವವರ ಹತ್ತಿರ ಪರ್ಮಿಟ್ ಇರಬೇಕು. 2010ರಲ್ಲಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ, ಅಂದರೆ ಸಿಇಎ, ಸುರಕ್ಷತಾ ನಿಯಮಗಳನ್ನು ಹೊರಡಿಸಿದಾಗಲೂ ಇದೇ ಗೆರೆ ಉಳಿಯಿತು. ಈಗ ಚಾಲ್ತಿಯಲ್ಲಿರುವುದು ಅದರ ಜಾಗಕ್ಕೆ ಬಂದ 2023ರ ನಿಯಮಗಳು.

ಕರ್ನಾಟಕದಲ್ಲಿ ಈ ಕಾಗದಗಳನ್ನು ಕೊಡುವುದು ಇಂಧನ ಇಲಾಖೆಯ ಕೆಳಗಿರುವ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಇವೆಲ್ಲ ಕರೆಂಟ್ ಪೂರೈಸುವ ಕಂಪನಿಗಳು. ಲೈಸೆನ್ಸ್ ಅವರು ಕೊಡೋದಲ್ಲ. ಹಾಗಾಗಿ "ನಾನು ಮೆಸ್ಕಾಂ ಕಾಂಟ್ರಾಕ್ಟ್ ಮಾಡ್ತೀನಿ ಸಾರ್" ಅನ್ನುವುದು ಉತ್ತರ ಅಲ್ಲ.

ಕಾಗದ ತೋರಿಸಿದಾಗ ಮೂರು ವಿಷಯ ನೋಡಿ. ಅವಧಿ ಮುಗಿದಿದೆಯಾ? ಅದು ಗುತ್ತಿಗೆದಾರರ ಲೈಸೆನ್ಸಾ, ಸೂಪರ್‌ವೈಸರ್ ಪ್ರಮಾಣಪತ್ರವಾ, ವೈರ್‌ಮನ್ ಪರ್ಮಿಟ್ಟಾ? ಮೂರನೆಯದೇ ಎಲ್ಲರೂ ಮರೆಯುವುದು: ಅದರ ಮೇಲಿರುವ ಹೆಸರು ನಿಮ್ಮೆದುರು ನಿಂತಿರುವವರದ್ದೇನಾ? ಲೈಸೆನ್ಸ್ ಯಜಮಾನರದ್ದು ಇರುತ್ತದೆ, ಮನೆಗೆ ಬರುವವನು ಮೊನ್ನೆ ತಾನೇ ಕೆಲಸಕ್ಕೆ ಸೇರಿದ ಹುಡುಗ. ತಪಾಸಣೆಗೆ ಸೂಪರ್‌ವೈಸರ್ ಪ್ರಮಾಣಪತ್ರ ಇರುವವರೇ ಬರಬೇಕು ಅಂತ ಫೋನಲ್ಲೇ ಹೇಳಿಬಿಡಿ.

ಇಲ್ಲಿ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಕಾಗದ ಇದ್ದ ಮಾತ್ರಕ್ಕೆ ಕೆಲಸ ಗೊತ್ತು ಅಂತ ಅಲ್ಲ. ಕಾಗದ ಇಲ್ಲದ, ಮೂವತ್ತು ವರ್ಷ ಕೈ ಪಳಗಿದ ಮೇಸ್ತ್ರಿಗಳೂ ಇದ್ದಾರೆ. ಆದರೆ ಏನಾದರೂ ಹೆಚ್ಚುಕಮ್ಮಿ ಆದಾಗ ಜವಾಬ್ದಾರಿ ಹೊರಬೇಕಾದದ್ದು ಸಹಿ ಹಾಕಿದವರು. ಕಾಗದ ಇಲ್ಲದವರ ಸಹಿಗೆ ಯಾವ ಬೆಲೆಯೂ ಇಲ್ಲ. ಹಾಗಾಗಿ ಮೊದಲ ಜರಡಿ ಕಾಗದ. ಎರಡನೆಯ ಜರಡಿ ಮುಂದಿದೆ.

ಹಂತ 2: ಫೋನಿನಲ್ಲೇ ಕೇಳುವ ಪ್ರಶ್ನೆಗಳು

"ಮನೆಗೆ ಬಂದು ಮೆಗ್ಗರ್ ಟೆಸ್ಟ್ ಮಾಡ್ತೀರಾ? ಎಷ್ಟು ವೋಲ್ಟ್‌ಗೆ?" ಮೆಗ್ಗರ್ ಅಂದರೆ ವೈರಿನ ಹೊದಿಕೆ (ಇನ್ಸುಲೇಷನ್) ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಮೀಟರ್. ಮನೆಯ ವೈರಿಂಗಿಗೆ 500 ವೋಲ್ಟ್ ಡಿಸಿ ಅನ್ನಬೇಕು. "ಅದೆಲ್ಲ ಫ್ಯಾಕ್ಟರಿಗೆ ಸಾರ್" ಅಂದರೆ ಧನ್ಯವಾದ ಹೇಳಿ ಫೋನ್ ಇಡಿ.

"ಮೆಗ್ಗರ್ ಹಾಕೋ ಮೊದಲು ಏನೇನು ಬಿಚ್ಚಬೇಕು?" ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಟಿವಿ, ಯುಪಿಎಸ್, ಎಲ್ಇಡಿ ಲೈಟು, ವೈಫೈ ಡಬ್ಬಿ ಎಲ್ಲವನ್ನೂ ಬಿಡಿಸದೆ 500 ವೋಲ್ಟ್ ಬಿಟ್ಟರೆ ಒಳಗಿನ ಎಲೆಕ್ಟ್ರಾನಿಕ್ಸ್ ಹೋಗಬಹುದು. ಇಲ್ಲವೇ ರೀಡಿಂಗ್ ಸುಳ್ಳು ಹೇಳುತ್ತದೆ. ನಿಜವಾಗಿ ಮೆಗ್ಗರ್ ಹಿಡಿದವರಿಗೆ ಈ ಉತ್ತರ ಬಾಯಿಪಾಠ.

"ಆರ್‌ಸಿಸಿಬಿ ಹೇಗೆ ಚೆಕ್ ಮಾಡ್ತೀರಿ?" ಕರೆಂಟ್ ಸೋರಿದರೆ ತಾನೇ ಕತ್ತರಿಸುವ ಸ್ವಿಚ್ ಅದು. ಟೆಸ್ಟ್ ಬಟನ್ ಒತ್ತಿ ನೋಡ್ತೀವಿ ಅನ್ನುವುದು ಅರ್ಧ ಉತ್ತರ. ಎಷ್ಟು ಮಿಲಿಆಂಪಿಗೆ, ಎಷ್ಟು ಮಿಲಿಸೆಕೆಂಡಿನಲ್ಲಿ ಬೀಳುತ್ತದೆ ಅಂತ ಮೀಟರಿನಲ್ಲಿ ನೋಡ್ತೀವಿ ಅನ್ನುವುದು ಪೂರ್ತಿ ಉತ್ತರ.

"ಯಾವ ನಿಯಮದ ಪ್ರಕಾರ ನೋಡ್ತೀರಿ?" ಇದಕ್ಕೆ ಪುಸ್ತಕದ ಹೆಸರು ಪಟಪಟ ಹೇಳಬೇಕಾಗಿಲ್ಲ. ಆದರೆ ಭಾರತೀಯ ಮಾನಕಗಳಲ್ಲಿ ಐಎಸ್ 732 ವೈರಿಂಗಿಗೆ, ಐಎಸ್ 3043 ಅರ್ತಿಂಗಿಗೆ, ಇವೆರಡಾದರೂ ಗೊತ್ತಿರಬೇಕು. ಎರಡನ್ನೂ ಇತ್ತೀಚೆಗೆ ಪರಿಷ್ಕರಿಸಿದ್ದಾರೆ, ಒಂದು 2019ರಲ್ಲಿ, ಇನ್ನೊಂದು 2018ರಲ್ಲಿ. ಇನ್ನೂ "ಐಇ ರೂಲ್ಸ್ ಪ್ರಕಾರ" ಅನ್ನುವವರು, ಅಂದರೆ ಆ 1956ರ ನಿಯಮಗಳ ಹೆಸರು ಹೇಳುವವರು, ಸಿಗುತ್ತಾರೆ. ಅವರನ್ನು ತಳ್ಳಿಹಾಕಬೇಡಿ. ಮಾತು ಹಳೆಯದಾದರೂ ನಿಯಮ ಓದಿದವರು ಅಂತಾದರೂ ಗೊತ್ತಾಯಿತಲ್ಲ. "ಐಇ ರೂಲ್ಸ್ ಆದ ಮೇಲೆ ಏನು ಬದಲಾಗಿದೆ?" ಅಂತ ಕೇಳಿ. ಲೀಕೇಜ್ ರಕ್ಷಣೆಯ, ಅಂದರೆ ಆರ್‌ಸಿಸಿಬಿಯ, ಮಾತು ಬಂದರೆ ಒಳ್ಳೆಯದು. ಹಿಂದೆ 5 ಕಿಲೋವ್ಯಾಟ್ ಮತ್ತು ಮೇಲಿನ ಲೋಡಿಗೆ ಇದ್ದ ಕಡ್ಡಾಯ ಈಗ 2 ಕಿಲೋವ್ಯಾಟಿಗೆ ಇಳಿದಿದೆ. ಮನೆಗಳಿಗೆ 30 ಮಿಲಿಆಂಪ್ ಮೀರಬಾರದು ಅಂತಲೂ ಇದೆ.

ಕೊನೆಯದು: "ರೀಡಿಂಗ್ ಬರೆದು, ಸಹಿ ಮಾಡಿ, ಲೈಸೆನ್ಸ್ ನಂಬರ್ ಹಾಕಿ ಕೊಡ್ತೀರಾ?" ಇದಕ್ಕೆ ತಡವರಿಸಿದವರನ್ನು ಕರೆಸಬೇಡಿ.

ದುಡ್ಡಿನ ಮಾತು ಇಲ್ಲೇ ಮುಗಿಸಿ. ತಪಾಸಣೆಗೆ ಬೇರೆ, ರಿಪೇರಿಗೆ ಬೇರೆ. ರಿಪೇರಿ ಏನೂ ಇಲ್ಲದಿದ್ದರೂ ತಪಾಸಣೆ ಫೀಸ್ ಕೊಡುತ್ತೇನೆ ಅಂತ ಹೇಳಿ. ಇಲ್ಲದಿದ್ದರೆ ಅವರಿಗೆ ಸಂಪಾದನೆ ಆಗಬೇಕಾದರೆ ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟಿರಲೇಬೇಕಾಗುತ್ತದೆ, ಅಲ್ವಾ?

ಹಂತ 3: ಅವರು ಬರುವ ಮೊದಲು ನೀವು ಮಾಡಿಡುವುದು

ಕರೆಂಟ್ ಬಿಲ್ ತೆಗೆದಿಡಿ. ಅದರಲ್ಲಿ ಆರ್‌ಆರ್ ನಂಬರಿನ ಜೊತೆ ಮಂಜೂರಾದ ಲೋಡ್ ಇರುತ್ತದೆ. ಮೂವತ್ತು ವರ್ಷದ ಹಿಂದೆ ಎರಡು ಟ್ಯೂಬ್‌ಲೈಟು, ಒಂದು ಮಿಕ್ಸಿ ಲೆಕ್ಕದಲ್ಲಿ ತೆಗೆದುಕೊಂಡ ಸಂಪರ್ಕಕ್ಕೆ ಈಗ ಗೀಸರ್, ಇಂಡಕ್ಷನ್ ಒಲೆ, ಸಂಪಿನ ಮೋಟರ್, ಎಸಿ ಎಲ್ಲ ಸೇರಿರುತ್ತವೆ.

ಮನೆಯಲ್ಲಿ ಕಂಡ ವಿಚಿತ್ರಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಸ್ವಿಚ್ ಆಫ್ ಮಾಡಿದರೂ ಬಲ್ಬ್ ಮಂಕಾಗಿ ಉರಿಯುತ್ತಿರುವುದು. ಫ್ರಿಜ್ ಬಾಗಿಲು ಮುಟ್ಟಿದರೆ ಚುರ್ ಅನ್ನುವುದು. ಮೋಟರ್ ಆನ್ ಮಾಡಿದಾಗ ಲೈಟು ಕುಗ್ಗುವುದು. ಪ್ಲಗ್ಗಿನ ಹತ್ತಿರ ಮೀನಿನ ವಾಸನೆಯಂಥ ವಾಸನೆ ಬರುವುದು. ಕೊನೆಯದು ಇದ್ದರೆ ತಪಾಸಣೆ ದಿನದವರೆಗೆ ಕಾಯಬೇಡಿ, ಆ ಪ್ಲಗ್ ಬಳಸುವುದನ್ನು ಇವತ್ತೇ ನಿಲ್ಲಿಸಿ. ಪ್ಲಾಸ್ಟಿಕ್ ಬಿಸಿಯಾಗಿ ಬೇಯುತ್ತಿದೆ ಅಂತ ಅರ್ಥ.

ಅಡುಗೆಮನೆ ಅಟ್ಟದ ಸಾಮಾನು, ಡಿಬಿ ಮುಂದಿನ ಬೀರು, ಇವನ್ನೆಲ್ಲ ಸರಿಸಿಡಿ. ಅರ್ತಿಂಗ್ ಗುಂಡಿ ಎಲ್ಲಿದೆ ಅಂತ ಹುಡುಕಿಡಿ. ನಮ್ಮ ಮನೆಯಲ್ಲಿ ಅದರ ಒಂದು ಭಾಗದ ಮೇಲೆ ತುಳಸಿಕಟ್ಟೆ ಕಟ್ಟಿಬಿಟ್ಟಿದ್ದರು.

ಹಂತ 4: ಮೇನ್ ಆಫ್ ಮಾಡಿದ್ದು ಸಾಲದು

ತಪಾಸಣೆಗೆ ಬಂದವರ ಯೋಗ್ಯತೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುವುದು ಇಲ್ಲಿ. ಮೇನ್ ಸ್ವಿಚ್ ಆಫ್ ಮಾಡಿದರೂ ಯುಪಿಎಸ್ ಇರುವ ಮನೆಯಲ್ಲಿ ಅರ್ಧ ವೈರಿಂಗ್ ಜೀವಂತವಾಗಿರುತ್ತದೆ. ಯುಪಿಎಸ್ಸಿನಿಂದ ಹೊರಗೆ ಬರುವುದೂ 230 ವೋಲ್ಟೇ, ಬ್ಯಾಟರಿಯ 12 ವೋಲ್ಟ್ ಅಲ್ಲ. ಚಾವಣಿಯಲ್ಲಿ ಸೋಲಾರ್ ಪ್ಯಾನೆಲ್ ಇದ್ದರೆ ಅದರದ್ದು ಇನ್ನೊಂದು ದಾರಿ. ಎಲ್ಲವನ್ನೂ ಆಫ್ ಮಾಡಿ, ಮತ್ತೆ ಯಾರೂ ಆನ್ ಮಾಡದಂತೆ ಬೀಗವನ್ನೋ ಟೇಪನ್ನೋ ಹಾಕಿ, ಆಮೇಲೆ ಮುಟ್ಟಬೇಕು.

ಆಫ್ ಆಗಿದೆ ಅಂತ ನೋಡುವುದಕ್ಕೂ ಒಂದು ಕ್ರಮ ಇದೆ. ಮೂರನೆಯವರು ಮೀಟರಿನ ತುದಿಯನ್ನು ಮೊದಲು ಕರೆಂಟ್ ಇರುವ ಕಡೆ ಇಟ್ಟು ಅದು ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಆಫ್ ಮಾಡಿದ ಸಾಲನ್ನು ನೋಡಿದರು. ಮತ್ತೆ ಕರೆಂಟ್ ಇರುವ ಕಡೆ ಇಟ್ಟು ಮೀಟರ್ ಮಧ್ಯದಲ್ಲಿ ಕೆಟ್ಟಿಲ್ಲ ಅಂತ ನೋಡಿದರು. ಜೇಬಿನಲ್ಲಿ ಸಿಕ್ಕಿಸಿಕೊಳ್ಳುವ ನಿಯಾನ್ ಟೆಸ್ಟರನ್ನು ಇದಕ್ಕೆ ನಂಬಬಾರದು. ಅದು ಉರಿಯದಿದ್ದರೆ ಕರೆಂಟ್ ಇಲ್ಲ ಅಂತ ಅಲ್ಲ, ಟೆಸ್ಟರೇ ಕೆಟ್ಟಿರಬಹುದು. ನ್ಯೂಟ್ರಲ್ ಎಲ್ಲಾದರೂ ಬಿಟ್ಟಿದ್ದರೆ ಎರಡೂ ತೂತಿನಲ್ಲಿ ಉರಿಯುತ್ತದೆ. ಆಗ "ರಿಟರ್ನ್ ಬರ್ತಿದೆ" ಅಂತಾರಲ್ಲ, ಅದು ಇದೇ.

ಹಂತ 5: ಕಣ್ಣಿನಲ್ಲಿ ನೋಡುವ ತಪಾಸಣೆ

ಒಳ್ಳೆಯ ತಪಾಸಣೆಯಲ್ಲಿ ಅರ್ಧ ದೋಷಗಳು ಮೀಟರ್ ಮುಟ್ಟುವ ಮೊದಲೇ ಸಿಗುತ್ತವೆ. ಡಿಬಿ ಮುಚ್ಚಳ ತೆಗೆದಾಗ ಅವರ ಪಕ್ಕ ನಿಂತು, ಕೈ ಕಟ್ಟಿಕೊಂಡು ನೋಡಿ.

ಮೊದಲು ವೈರಿಗೂ ಎಂಸಿಬಿಗೂ ಹೊಂದಿಕೆ. ಮಿತಿ ಮೀರಿದ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿ ಇರುವುದು ವೈರನ್ನು ಕಾಪಾಡುವುದಕ್ಕೆ. ವೈರ್ ತಡೆಯುವಷ್ಟಕ್ಕಿಂತ ಎಂಸಿಬಿ ದೊಡ್ಡದಿರಬಾರದು. ರೂಢಿಯಲ್ಲಿ ಲೈಟಿನ ಸಾಲಿಗೆ 1.5 ಚದರ ಮಿಲಿಮೀಟರ್ ವೈರು, 6 ಅಥವಾ 10 ಆಂಪ್ ಎಂಸಿಬಿ. ಗೀಸರ್, ಎಸಿಯಂಥವಕ್ಕೆ 2.5 ಅಥವಾ 4 ಚದರ ಮಿಲಿಮೀಟರ್, 16 ಅಥವಾ 20 ಆಂಪ್. ನಮ್ಮ ಮನೆಯಲ್ಲಿ ಲೈಟಿನ 1.5ರ ವೈರಿಗೆ 32 ಆಂಪ್ ಎಂಸಿಬಿ ಕೂತಿತ್ತು. ಯಾಕೆ? ಹಳೇ 10 ಆಂಪಿನದು ಪದೇ ಪದೇ ಬೀಳುತ್ತಿತ್ತಂತೆ. ಬೀಳುತ್ತಿದ್ದದ್ದು ಆ ಸಾಲಿನಿಂದಲೇ ಇಸ್ತ್ರಿಪೆಟ್ಟಿಗೆಗೆ ಪ್ಲಗ್ ತೆಗೆದಿದ್ದರಿಂದ. ಕಾರಣ ಹುಡುಕುವ ಬದಲು ಕಾವಲುಗಾರನ ಕಣ್ಣು ಕಟ್ಟಿದ್ದರು. ಹಳೇ ಮನೆಗಳಲ್ಲಿ ಕಿಟ್‌ಕ್ಯಾಟ್ ಅನ್ನುವ ಪಿಂಗಾಣಿ ಫ್ಯೂಸಿಗೆ ಮೂರು ಎಳೆ ತಾಮ್ರದ ತಂತಿ ಕಟ್ಟುವುದೂ ಇದೇ ಜಾತಿ.

ಆಮೇಲೆ ಬಣ್ಣ. ನಮ್ಮ ಹಳೆಯ ಮನೆಗಳಲ್ಲಿ ಕೆಂಪು ಫೇಸ್ (ಕರೆಂಟ್ ಬರುವ ತಂತಿ), ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಉಪಕರಣದ ಜೊತೆ ಬರುವ ವೈರಿನಲ್ಲಿ ಕಂದು, ನೀಲಿ, ಹಸಿರು-ಹಳದಿ. ಎರಡೂ ಪದ್ಧತಿ ಗೊತ್ತಿಲ್ಲದವರು ಪ್ಲಗ್ ಟಾಪ್ ಹಾಕುವಾಗ ತಪ್ಪು ಮಾಡುತ್ತಾರೆ. ಹಸಿರು ವೈರನ್ನು ಫೇಸ್‌ಗೆ ಎಲ್ಲೂ ಬಳಸಿರಬಾರದು. "ಬೇರೆ ಬಣ್ಣ ಇರಲಿಲ್ಲ ಸಾರ್" ಅನ್ನುವುದು ಕಾರಣವೇ ಅಲ್ಲ.

ಮೂರು ಪಿನ್ನಿನ ಪ್ಲಗ್ಗನ್ನು ಎದುರಿನಿಂದ ನೋಡಿದರೆ ಮೇಲೆ ದೊಡ್ಡ ತೂತು ಅರ್ತ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ವಿಚ್ ಫೇಸಿನಲ್ಲೇ ಇರಬೇಕು. ನ್ಯೂಟ್ರಲ್ಲಿನಲ್ಲಿ ಒಂಟಿ ಸ್ವಿಚ್ಚಾಗಲಿ ಫ್ಯೂಸಾಗಲಿ ಇರಬಾರದು ಅನ್ನುವುದು ಬಹಳ ಹಳೆಯ ನಿಯಮ. ಆಫ್ ಮಾಡಿದ ಮೇಲೂ ಎಲ್ಇಡಿ ಮಿಣುಕುತ್ತಿದ್ದರೆ ಮೊದಲು ಅನುಮಾನಪಡಬೇಕಾದದ್ದು ಇದನ್ನೇ. ಅಂಥ ಹೋಲ್ಡರಿನಲ್ಲಿ ಬಲ್ಬ್ ಬದಲಾಯಿಸುವಾಗ ಸ್ವಿಚ್ ಆಫ್ ಇದ್ದರೂ ಫೇಸ್ ಕೈಗೆ ಸಿಗುತ್ತದೆ.

ಸಾಮಾನಿನ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ ಲೈಸೆನ್ಸ್ ನಂಬರ್ ಇದೆಯಾ ಅಂತಲೂ ನೋಡಲಿ. ವೈರಿಗೆ ಐಎಸ್ 694, ಪ್ಲಗ್ಗಿಗೆ ಐಎಸ್ 1293, ಆರ್‌ಸಿಸಿಬಿಗೆ ಐಎಸ್ 12640. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಸಲಿಯೋ ನಕಲಿಯೋ ನೀವೇ ನೋಡಬಹುದು. ಇದಕ್ಕೆ ಯಾರ ಹಂಗೂ ಬೇಡ.

ಹಂತ 6: ಕರೆಂಟ್ ಇಲ್ಲದೆ ಮಾಡುವ ಪರೀಕ್ಷೆಗಳು

ಮೊದಲು ಅರ್ತ್ ತಂತಿ ಉದ್ದಕ್ಕೂ ತುಂಡಾಗಿಲ್ಲವಾ ಅನ್ನುವುದು. ಡಿಬಿಯ ಅರ್ತ್ ಪಟ್ಟಿಯಿಂದ ಪ್ರತಿ ಪ್ಲಗ್ಗಿನ ಅರ್ತ್ ತೂತಿನವರೆಗೆ ತಡೆ ಎಷ್ಟು ಓಮ್ ಅಂತ ನೋಡುತ್ತಾರೆ. ಒಂದು ಓಮಿನ ಒಳಗೆ ಬರಬೇಕು. ಇದನ್ನು ಪ್ರತಿಯೊಂದು ಪ್ಲಗ್ಗಿಗೂ ಮಾಡಬೇಕು, "ಹಾಲಿನಲ್ಲಿ ನೋಡಿದೆ, ಉಳಿದದ್ದೂ ಹಂಗೇ ಇರುತ್ತೆ" ಅನ್ನುವ ಹಾಗಿಲ್ಲ. ನ್ಯೂಟ್ರಲ್ಲಿಗೆ ಕಟ್ಟಿದ ಆ ಎರಡಂಗುಲದ ತುಂಡು ಸಿಕ್ಕಿದ್ದು ಹನ್ನೊಂದನೆಯ ಪ್ಲಗ್ಗಿನಲ್ಲಿ.

ಆಮೇಲೆ ಇನ್ಸುಲೇಷನ್. ಎಲ್ಲ ಉಪಕರಣ ಬಿಡಿಸಿ, ಸ್ವಿಚ್‌ಗಳನ್ನೆಲ್ಲ ಆನ್ ಮಾಡಿ, ಫೇಸ್ ನ್ಯೂಟ್ರಲ್ ಎರಡನ್ನೂ ಜೋಡಿಸಿ, ಅವಕ್ಕೂ ಅರ್ತಿಗೂ ನಡುವೆ 500 ವೋಲ್ಟ್ ಡಿಸಿ ಕೊಡುತ್ತಾರೆ. ಕನಿಷ್ಠ 1 ಮೆಗ್‌ಓಮ್ ಬರಬೇಕು. ಹಳಬರು 50ನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸುವ ಲೆಕ್ಕ ಹೇಳುತ್ತಾರೆ. ಅದು ಹಿಂದಿನ ಐಎಸ್ 732ರದ್ದು. 100 ಪಾಯಿಂಟಿನ ಮನೆಗೆ ಅರ್ಧ ಮೆಗ್‌ಓಮ್ ಬಂದರೂ ಸಾಕು ಅನ್ನುತ್ತದೆ ಆ ಲೆಕ್ಕ. ಈಗ ಹಾಗೆ ಒಪ್ಪಬಾರದು. ನಿಜ ಹೇಳಬೇಕೆಂದರೆ ಆರೋಗ್ಯವಾಗಿರುವ ಸಾಲಿನಲ್ಲಿ ಮೀಟರ್ ನೂರಾರು ಮೆಗ್‌ಓಮ್ ತೋರಿಸುತ್ತದೆ. 1 ಬಂತು ಅಂದರೆ ಪಾಸಾಯಿತು ಅಂತ ಖುಷಿಪಡುವುದಲ್ಲ, ಎಲ್ಲೋ ನೀರು ಕುಡಿಯುತ್ತಿದೆ ಅಂತ ತಿಳಿಯಬೇಕು.

ನಮ್ಮ ಮನೆಯಲ್ಲಿ ಹಿತ್ತಲಿನ ಸಾಲು 0.2 ತೋರಿಸಿತು. ಆಗ ಅವರು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪರಿಣತಿ ಅನ್ನುವುದು ಇಲ್ಲೇ ಕಾಣುವುದು. ಅವರು "ವೈರಿಂಗ್ ಪೂರ್ತಿ ತೆಗೆಸಿಬಿಡಿ" ಅನ್ನಲಿಲ್ಲ. ಸಾಲಿನ ನಡುವಿನ ಜಂಕ್ಷನ್ ಬಾಕ್ಸ್ ಬಿಚ್ಚಿ ಎರಡು ಭಾಗ ಮಾಡಿದರು. ಒಂದು ಭಾಗ 200ರ ಮೇಲೆ, ಇನ್ನೊಂದು ಅದೇ 0.2. ಕೆಟ್ಟ ಭಾಗವನ್ನು ಮತ್ತೆ ಎರಡು ಮಾಡಿದರು. ಹೀಗೆ ಮೂರನೆಯ ಸಲಕ್ಕೆ ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಪ್ಲಗ್ಗಿಗೆ ಬಂದು ನಿಂತಿತು. ಮುಚ್ಚಳ ತೆಗೆದರೆ ಒಳಗೆ ಇರುವೆ ಗೂಡಿನ ಹಸಿ ಮಣ್ಣು, ಮಣ್ಣಿನ ಮಧ್ಯೆ ಎರಡು ಟರ್ಮಿನಲ್ಲಿಗೆ ಅಡ್ಡ ಬಿದ್ದು ಸತ್ತ ಹಲ್ಲಿ. ಅದನ್ನು ತೆಗೆದು, ಒಣಗಿಸಿ, ಮತ್ತೆ ಮೆಗ್ಗರ್ ಹಾಕಿದಾಗ ಮುಳ್ಳು ಮೇಲಕ್ಕೆ ಹೋಯಿತು.

ಬೇಸಿಗೆಯಲ್ಲಿ ಬಂದಿದ್ದರೆ ಆ ಮಣ್ಣು ಒಣಗಿರುತ್ತಿತ್ತು, ರೀಡಿಂಗ್ ಚೆನ್ನಾಗಿರುತ್ತಿತ್ತು. ಅದಕ್ಕೇ ಮಲೆನಾಡು, ಕರಾವಳಿಯವರು ಇನ್ಸುಲೇಷನ್ ಪರೀಕ್ಷೆಯನ್ನು ಮಳೆ ಹಿಡಿದಾಗಲೇ ಮಾಡಿಸಿ. ಅರ್ತಿಂಗಿಗೆ ಇದರ ಉಲ್ಟಾ. ಮಳೆಯಲ್ಲಿ ನೆಲ ನೆನೆದು ಎಲ್ಲರ ಅರ್ತಿಂಗೂ ಚೆನ್ನಾಗಿಯೇ ಕಾಣುತ್ತದೆ. ಅದರ ಬಂಡವಾಳ ಗೊತ್ತಾಗುವುದು ಏಪ್ರಿಲ್ ಬಿಸಿಲಿನಲ್ಲಿ.

ಹಂತ 7: ಅರ್ತಿಂಗ್ ಮತ್ತು ಆರ್‌ಸಿಸಿಬಿ

"ಅರ್ತಿಂಗ್ ಚೆನ್ನಾಗಿದ್ರೆ ಫ್ಯೂಸ್ ಹಾರುತ್ತೆ, ಇನ್ನೇನು ಬೇಕು?" ಅನ್ನುವ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಅರ್ತಿಂಗ್ 5 ಓಮ್ ಅಂದುಕೊಳ್ಳಿ. ಮನೆಗೆ ಅದು ಒಳ್ಳೆಯ ರೀಡಿಂಗ್ ಅಂತಲೇ ಎಲ್ಲರೂ ಅನ್ನುವುದು. ಗೀಸರ್ ಮೈಗೆ ಫೇಸ್ ತಾಗಿದರೆ ಹರಿಯುವುದು ಹೆಚ್ಚೆಂದರೆ 230 ಭಾಗ 5, ಅಂದರೆ 46 ಆಂಪ್. 16 ಆಂಪಿನ ಸಿ ಟೈಪ್ ಎಂಸಿಬಿ ತಕ್ಷಣ ಬೀಳುವುದಕ್ಕೆ 80ರಿಂದ 160 ಆಂಪ್ ಬೇಕು. 46ಕ್ಕೆ ಅದು ನಿಧಾನವಾಗಿ ಬಿಸಿಯಾಗಿ, ಕೆಲವು ಸೆಕೆಂಡೋ ಹೆಚ್ಚೋ ಕಳೆದ ಮೇಲೆ ಬೀಳುತ್ತದೆ. ಅಷ್ಟು ಹೊತ್ತು ಗೀಸರ್ ಮೈಯಲ್ಲಿ ಕರೆಂಟ್. ಬೇಸಿಗೆಯಲ್ಲಿ ಅರ್ತಿಂಗ್ 25 ಓಮಿಗೆ ಏರಿತು ಅನ್ನಿ. ಆಗ ಹರಿಯುವುದು 9 ಆಂಪ್ ಚಿಲ್ಲರೆ. ಎಂಸಿಬಿ ಬೀಳುವುದೇ ಇಲ್ಲ, ಅದರ ಪಾಲಿಗೆ ಅದೊಂದು ಮಾಮೂಲಿ ಲೋಡ್.

ಆರ್‌ಸಿಸಿಬಿಗೆ 0.03 ಆಂಪ್ ಸೋರಿದರೆ ಸಾಕು. ಹೋದ ಕರೆಂಟ್ ಪೂರ್ತಿ ವಾಪಸ್ ಬಂತಾ ಅಂತ ಅದು ಲೆಕ್ಕ ನೋಡುತ್ತಿರುತ್ತದೆ. ಬರದಿದ್ದರೆ ಕತ್ತರಿಸುತ್ತದೆ. ಅದಕ್ಕೇ ನಿಯಮ ಅದನ್ನು ಕೇಳುವುದು. ಆದರೆ ಎರಡು ವಿಷಯ ನೆನಪಿರಲಿ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಗೆ ನೀವೂ ಒಂದು ಬಲ್ಬೇ. ಮತ್ತೆ ಅದು ಓವರ್‌ಲೋಡ್ ನೋಡುವುದಿಲ್ಲ, ಅದಕ್ಕೆ ಎಂಸಿಬಿ ಜೊತೆಗಿರಲೇಬೇಕು.

ತಪಾಸಣೆಯಲ್ಲಿ ಮೀಟರ್ ಹಾಕಿ ಮೂರು ಸಲ ನೋಡಬೇಕು. 15 ಮಿಲಿಆಂಪಿಗೆ ಬೀಳಬಾರದು. 30ಕ್ಕೆ 300 ಮಿಲಿಸೆಕೆಂಡಿನೊಳಗೆ ಬೀಳಬೇಕು. 150ಕ್ಕೆ 40 ಮಿಲಿಸೆಕೆಂಡಿನೊಳಗೆ. ಅದರ ಮೇಲಿನ ಟೆಸ್ಟ್ ಬಟನ್ ಸಾಧನದ ಒಳಗಿನ ಯಂತ್ರ ನಡೆಯುತ್ತಾ ಅಂತ ಮಾತ್ರ ಹೇಳುತ್ತದೆ, ನಿಮ್ಮ ಅರ್ತಿಂಗ್ ಬಗ್ಗೆ ಏನೂ ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಆರ್‌ಸಿಸಿಬಿ ಇತ್ತು. ಬಟನ್ ಒತ್ತಿದರೆ ಲಿವರ್ ಟಪ್ ಅಂತ ಬೀಳುತ್ತಿತ್ತು. ಲೈಟು ಮಾತ್ರ ಉರಿಯುತ್ತಲೇ ಇತ್ತು! ಒಳಗೆ ಬರುವ ವೈರು, ಹೊರಗೆ ಹೋಗುವ ವೈರು ಎರಡನ್ನೂ ಮೇಲಿನ ತುದಿಯಲ್ಲೇ ಸೇರಿಸಿ ಬಿಗಿದಿದ್ದರು. ಯುಪಿಎಸ್ ಹಾಕಿಸಿದ ದಿನ ನಡೆದ ಕೆಲಸ ಅದು. ಯುಪಿಎಸ್ ಲೈಟುಗಳ ನ್ಯೂಟ್ರಲ್ಲನ್ನು ಆರ್‌ಸಿಸಿಬಿ ದಾಟಿಸದೆ ಹಳೇ ನ್ಯೂಟ್ರಲ್ ಪಟ್ಟಿಗೆ ಸೇರಿಸಿದ್ದರು. ಹೋದದ್ದು ಒಂದು ಬಾಗಿಲಿನಿಂದ, ಬಂದದ್ದು ಇನ್ನೊಂದರಿಂದ. ಆರ್‌ಸಿಸಿಬಿ ಲೆಕ್ಕ ತಪ್ಪಿ ಬೀಳತೊಡಗಿತು. "ಸುಮ್ನೆ ಟ್ರಿಪ್ ಆಗ್ತಾ ಇರುತ್ತೆ" ಅಂತ ಬೈಪಾಸ್ ಮಾಡಿ ಹೋದರು. ಸರಿಯಾದ ದಾರಿ ಅಂದರೆ ಯುಪಿಎಸ್ ಸಾಲುಗಳ ನ್ಯೂಟ್ರಲ್ಲನ್ನು ಬೇರೆ ಪಟ್ಟಿಗೆ ತಂದು, ಅದಕ್ಕೆ ಬೇರೆಯೇ ಆರ್‌ಸಿಸಿಬಿ ಕೊಡುವುದು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೆ ಈ ಒಂದನ್ನು ತಪ್ಪದೆ ನೋಡಿಸಿ.

ಅರ್ತ್ ಗುಂಡಿಯ ಓಮ್ ಅಳೆಯುವುದಕ್ಕೆ ನೆಲಕ್ಕೆ ಎರಡು ಮೊಳೆ ಹೊಡೆದು, ಗುಂಡಿಯ ಸಂಪರ್ಕ ಬಿಡಿಸಿ, ಮೂರು ತಂತಿಯ ಮೀಟರಿನಲ್ಲಿ ನೋಡುತ್ತಾರೆ. ಫೇಸಿಗೂ ಅರ್ತಿಗೂ ನಡುವೆ ಬಲ್ಬ್ ಉರಿಸಿ ತೋರಿಸುವುದು ಅಳತೆ ಅಲ್ಲ. 60 ವ್ಯಾಟಿನ ಬಲ್ಬಿಗೆ ಕಾಲು ಆಂಪ್ ಸಾಕು, ಕೆಟ್ಟ ಅರ್ತಿಂಗಿನಲ್ಲೂ ಅದು ಝಗ್ ಅಂತ ಉರಿಯುತ್ತದೆ.

ಹಂತ 8: ವರದಿ

ಬಾಯಿಮಾತಿನ "ಎಲ್ಲ ಓಕೆ ಸಾರ್" ತಗೋಬೇಡಿ. ವರದಿಯಲ್ಲಿ ಪ್ರತಿ ಸಾಲಿಗೂ ವೈರಿನ ಗಾತ್ರ, ಎಂಸಿಬಿ ರೇಟಿಂಗ್, ಇನ್ಸುಲೇಷನ್ ರೀಡಿಂಗ್ ಇರಬೇಕು. ಆರ್‌ಸಿಸಿಬಿ ಬಿದ್ದ ಸಮಯ, ಅರ್ತಿಂಗ್ ಓಮ್, ಆ ದಿನದ ಹವೆ, ಬಳಸಿದ ಮೀಟರ್, ದಿನಾಂಕ, ಸಹಿ, ಲೈಸೆನ್ಸ್ ನಂಬರ್ ಬೇಕು. ಎಲ್ಲಿ ನೋಡಲು ಆಗಲಿಲ್ಲ ಅನ್ನುವುದನ್ನೂ ಬರೆಸಿ. ತುಳಸಿಕಟ್ಟೆಯ ಕೆಳಗಿನ ಭಾಗ ನೋಡಿಲ್ಲ ಅಂತ ನಮ್ಮ ವರದಿಯಲ್ಲಿದೆ. ಆ ಸಾಲು ಓದಿದಾಗಲೇ ನನಗೆ ಉಳಿದದ್ದರ ಮೇಲೆ ನಂಬಿಕೆ ಬಂದದ್ದು.

ದೋಷಗಳನ್ನು ಮೂರು ಗುಂಪು ಮಾಡಿಸಿ. ಇವತ್ತೇ ಆಗಬೇಕಾದದ್ದು, ಈ ತಿಂಗಳಲ್ಲಿ ಆಗಬೇಕಾದದ್ದು, ಮುಂದೆ ಮನೆ ರಿಪೇರಿ ಮಾಡಿಸುವಾಗ ಆದರೆ ಸಾಕು ಅನ್ನುವಂಥದ್ದು. ಗೀಸರ್ ಪ್ಲಗ್, ಸುಟ್ಟ ನ್ಯೂಟ್ರಲ್, ತುಂಡಾದ ಅರ್ತ್ ಅವತ್ತೇ ಆಯಿತು. 32 ಆಂಪ್ ಎಂಸಿಬಿ ಬದಲಾಯಿಸುವುದು ಹತ್ತು ನಿಮಿಷದ ಕೆಲಸ, ಅದನ್ನೂ ಅವತ್ತೇ ಮುಗಿಸಿದರು. ರಿಪೇರಿ ಆದ ಸಾಲನ್ನು ಮತ್ತೆ ಪರೀಕ್ಷಿಸಿ ಹೊಸ ರೀಡಿಂಗ್ ಬರೆಯಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಮೀಟರ್, ಅದರ ಸೀಲ್, ಕಂಬದಿಂದ ಬರುವ ಸರ್ವಿಸ್ ವೈರ್, ಇವನ್ನು ನಿಮ್ಮ ಎಲೆಕ್ಟ್ರಿಷಿಯನ್ ಮುಟ್ಟುವಂತಿಲ್ಲ. ಅಲ್ಲಿ ದೋಷ ಕಂಡರೆ 1912ಕ್ಕೆ ಫೋನ್ ಮಾಡಿ ಪೂರೈಕೆ ಕಂಪನಿಯವರನ್ನೇ ಕರೆಯಬೇಕು. ಮೀಟರ್ ದಾಟಿದ ಮೇಲಿನದು ನಮ್ಮ ತಲೆನೋವು. ಬಳಕೆಯಲ್ಲಿರುವ ಸಂಪರ್ಕವನ್ನು 5 ವರ್ಷ ಮೀರದಂತೆ ಪರೀಕ್ಷಿಸಬೇಕು ಅಂತ 2010ರ ನಿಯಮದಲ್ಲೇ ಇತ್ತು. ಅಮ್ಮನ ಮನೆಗೆ ಮೂವತ್ತು ವರ್ಷದಲ್ಲಿ ಅಂಥದ್ದಕ್ಕೆ ಅಂತ ಯಾರೂ ಬಂದಿರಲಿಲ್ಲ. ಬಂದದ್ದು ಮೀಟರ್ ರೀಡಿಂಗಿನವರು ಮಾತ್ರ.

ವರದಿಯ ಪ್ರತಿಯೊಂದನ್ನು ಡಿಬಿ ಬಾಗಿಲಿನ ಒಳಗೆ ಅಂಟಿಸಿದ್ದೇವೆ. ಜುಲೈನಲ್ಲಿ ಅರ್ತಿಂಗ್ 4 ಓಮ್ ಅಂತ ಇದೆ. ಏಪ್ರಿಲ್‌ನಲ್ಲಿ ಅವರೇ ಮತ್ತೆ ಬಂದು ಅಳೆದು, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ 11 ಅಂತ ಬರೆದು ಸಹಿ ಹಾಕಿದರು. ಆರ್‌ಸಿಸಿಬಿಯ ಬಟನ್ ತಿಂಗಳಿಗೊಮ್ಮೆ ಒತ್ತಬೇಕು ಅಂತ ಹೇಳಿ ಹೋದರು. ತಾರೀಖು ನೆನಪಿರಲ್ಲ ಅಂತ ಅಮ್ಮ ಅಮಾವಾಸ್ಯೆ ದಿನ ಒತ್ತುತ್ತಾರೆ. ಅದೂ ಬೆಳಿಗ್ಗೆ. ಸಂಜೆ ಒತ್ತಿದರೆ ಸೀರಿಯಲ್ ನಿಂತುಹೋಗುತ್ತದಂತೆ.